ಒಂದೇ ಬಟನ್ನಿನ ಮಾತು

ಮುನಿಲಕ್ಷ್ಮಿ ಮೊದಲು ನೋಡಿದ್ದು ಅವನ ಮುಖವನ್ನಲ್ಲ, ಅವನು ಚಪ್ಪಲಿ ಬಿಟ್ಟ ರೀತಿಯನ್ನು. ಒಂದರ ಪಕ್ಕ ಒಂದು, ಮೂತಿ ಬೀದಿಯ ಕಡೆಗೆ. ಹೊರಡುವಾಗ ತಿರುಗಿಸುವ ಕಷ್ಟ ಬೇಡ ಅಂತ ಆ ಕಾಲದಲ್ಲೂ ಹಾಗೇ ಬಿಡುತ್ತಿದ್ದ.

“ಬನ್ನಿ” ಅಂದಳು.

“ಬಂದೆ” ಅಂದ ಮುರಳೀಕೃಷ್ಣ.

ಹದಿನೇಳೋ ಹದಿನೆಂಟೋ ವರ್ಷದ ಮೇಲೆ ಎದುರಾದವರು ಆಡಿದ್ದು ಅಷ್ಟೇ. ಅವನ ಕಿವಿಯ ಮೇಲಿನ ಕೂದಲು ನರೆತಿತ್ತು. ಕನ್ನಡಕ ಬಂದಿತ್ತು. ಮಾಲೂರಿನಲ್ಲಿ ಬಸ್ಸು ಹತ್ತಿ, ಕೋಲಾರದಲ್ಲಿ ಇಳಿದು, ಶ್ರೀನಿವಾಸಪುರದಲ್ಲಿ ಮತ್ತೆ ಇಳಿದು ಹತ್ತಿ ರಾಯಲ್ಪಾಡಿಗೆ ಬಂದವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅವಳು ಬೆಳಿಗ್ಗೆಯಿಂದ ಸೀರೆ ಬದಲಾಯಿಸಿ ಬದಲಾಯಿಸಿ, ಕೊನೆಗೆ ಮೊದಲು ಉಟ್ಟಿದ್ದನ್ನೇ ಉಟ್ಟು ನಿಂತಿದ್ದಳು. ಅದು ಅವನಿಗೆ ಗೊತ್ತಿಲ್ಲ. ಗೊತ್ತಾಗಬಾರದು ಅಂತಲೇ ಅವಳು ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ಕೆಲಸದ ನಡುವೆ ಎದ್ದು ಬಂದವಳ ಹಾಗೆ ಕಾಣಿಸಿಕೊಂಡಿದ್ದು.

ಅಡುಗೆಮನೆಯಿಂದ ಅವಳ ತಾಯಿ ಆವಲಮ್ಮ ಕೂಗಿದಳು. “ಎವರಮ್ಮಾ ಅದಿ?”

“ಕಂಪ್ಯೂಟರ್ ರಿಪೇರಿಗೆ ಬಂದವ್ರೆ ಕಣಮ್ಮ.”

“ಯಾರೂ, ಆ ಒದ್ದ ಹುಡ್ಗನಾ?”

ಮುನಿಲಕ್ಷ್ಮಿ ನಾಲಿಗೆ ಕಚ್ಚಿಕೊಂಡಳು. ಮುರಳಿ ನಕ್ಕುಬಿಟ್ಟ. ನಕ್ಕಾಗ ಮಾತ್ರ ಹಳೆಯ ಮುಖ ಹಾಗೇ ಎದ್ದು ಬಂತು.

“ನಿಮ್ಮಮ್ಮ ಅದನ್ನ ಇನ್ನೂ ಮರ್ತಿಲ್ವಾ?”

“ಈ ಮನೇಲಿ ಯಾರೂ ಏನೂ ಮರೆಯಲ್ಲ” ಅಂದುಬಿಟ್ಟಳು. ಅಂದ ಮೇಲೆ, ಬೇರೆ ಏನಾದರೂ ಅನ್ನಬಹುದಿತ್ತು ಅನ್ನಿಸಿತು.

ರಾಯಲ್ಪಾಡು ಆಂಧ್ರದ ಗಡಿಗೆ ಬೆನ್ನು ತಾಗಿಸಿ ಕೂತ ಊರು. ಅವಳ ಮನೆಯಲ್ಲಿ ಒಲೆಯ ಮುಂದೆ ತೆಲುಗು, ಬೀದಿಗೆ ಬಂದರೆ ಕನ್ನಡ. ಮುರಳಿಯದು ಅಚ್ಚ ಕನ್ನಡದ ಮನೆ. ಅವನು ಮೊದಲ ಸಲ ಇಲ್ಲಿ ಊಟಕ್ಕೆ ಕೂತಾಗ ಆವಲಮ್ಮ ಇನ್ನೊಂದು ಮುದ್ದೆ ಹಿಡಿದು “ಒದ್ದಾ?” ಅಂದಿದ್ದಳು. ಬೇಡವಾ ಅಂತ ಅವಳ ತೆಲುಗು. ಇವನು ಅದನ್ನು ಕನ್ನಡದಲ್ಲಿ ಕೇಳಿಸಿಕೊಂಡು, ಯಾರು ಯಾರಿಗೆ ಒದ್ದರೋ ಅಂತ ತಟ್ಟೆ ಬಿಟ್ಟು ಎದ್ದು ನಿಂತಿದ್ದ. ಮುನಿಲಕ್ಷ್ಮಿ ನಕ್ಕು ನಕ್ಕು ಸಾರು ನೆತ್ತಿಗೇರಿಸಿಕೊಂಡಿದ್ದಳು. ಅವಳು ಅವನನ್ನು ಸರಿಯಾಗಿ ನೋಡಿದ್ದೇ ಆವತ್ತು, ಕಣ್ಣಲ್ಲಿ ನೀರು ತುಂಬಿಕೊಂಡು.

ಕಂಪ್ಯೂಟರ್ ನಡುಮನೆಯ ಕಿಟಕಿ ಪಕ್ಕದಲ್ಲೇ ಇತ್ತು. ಮಗಳು ಟೈಪಿಂಗ್ ಕಲಿತಳು ಅಂತ ತಂದೆ ಅಪ್ಪಾಜಪ್ಪ ಆಸೆಪಟ್ಟು ತಂದುಕೊಟ್ಟಿದ್ದು. ಅಪ್ಪಾಜಪ್ಪ ಈಗ ಇಲ್ಲ. ಅವನು ಕೀಬೋರ್ಡಿನ ಮೇಲೆ ಹೊದಿಸುತ್ತಿದ್ದ ಟವೆಲ್ ಇನ್ನೂ ಇತ್ತು. ಸುತ್ತಮುತ್ತಲ ಹಳ್ಳಿಯ ಲಗ್ನಪತ್ರಿಕೆಗಳೆಲ್ಲ ಈ ಕಂಪ್ಯೂಟರಿನಲ್ಲೇ ಅಕ್ಷರ ಜೋಡಿಸಿಕೊಂಡು ಶ್ರೀನಿವಾಸಪುರದ ಪ್ರೆಸ್ಸಿಗೆ ಹೋಗುತ್ತಿದ್ದವು. ವಧು ಯಾರು, ವರ ಯಾರು, ಮುಹೂರ್ತ ಯಾವುದು ಅಂತ ಊರಿಗಿಂತ ಮೊದಲು ಮುನಿಲಕ್ಷ್ಮಿಯ ಬೆರಳಿಗೆ ತಿಳಿಯುತ್ತಿತ್ತು.

ಈ ಮಾವಿನ ಕಾಲದಲ್ಲಿ ಗಾಳಿ ಎದ್ದು ಕರೆಂಟು ಹೋಗಿ ಬಂದು, ಹೋಗಿ ಬಂದು ಆಡಿತು. ಮಾರನೆಯ ದಿನ ಕಂಪ್ಯೂಟರ್ ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದು ಸುಮ್ಮನಾಯಿತು. ರಿಜಿಸ್ಟ್ರಿ ಹಾಳಾಗಿದೆ ಅಂದ ಶ್ರೀನಿವಾಸಪುರದ ಅಂಗಡಿಯವನು. ಇದನ್ನ ಗುಜರಿಗೆ ಹಾಕಿ, ಹೊಸದು ತಗೊಳ್ಳಿ ಅಂದ. ಅವಳು ಒಪ್ಪಲಿಲ್ಲ. ಹಾಗಾದರೆ ಮಾಲೂರಿನಲ್ಲಿ ಒಬ್ಬರಿದ್ದಾರೆ, ಹಳೆಯದನ್ನೇ ಪ್ರೀತಿಯಿಂದ ನೋಡುತ್ತಾರೆ ಅಂತ ನಂಬರು ಕೊಟ್ಟ.

ಆ ಕಡೆಯ “ಹಲೋ” ಕೇಳಿದ ಕೂಡಲೇ ಅವಳಿಗೆ ಗೊತ್ತಾಯಿತು. “ರಾಯಲ್ಪಾಡಿಂದ” ಅಂದಳು, ಅಷ್ಟೇ.

“ಯಾವ ಕಂಪ್ಯೂಟರ್?”

“ಅದೇ. ಹಳೇದು.”

“ಬರ್ತೀನಿ.”

ಹಾಗೆ ಬಂದವನು ಈಗ ಟವೆಲ್ ಮಡಚಿ ಪಕ್ಕಕ್ಕಿಟ್ಟು, ಸ್ವಿಚ್ಚು ಹಾಕಿ, ಕಪ್ಪು ಪರದೆಯ ಬಿಳಿ ಅಕ್ಷರಗಳನ್ನು ಓದುತ್ತಿದ್ದ. ಅವಳು ಹಿಂದೆ ಬಾಗಿಲಿಗೆ ಒರಗಿ ನಿಂತಿದ್ದಳು. ಆ ದಿನಗಳಲ್ಲೂ ಅವಳು ನಿಲ್ಲುತ್ತಿದ್ದ ಜಾಗವೇ ಅದು.

“ಅಜ್ಜಿಗೆ ಮರೆವು ಬಂದಿದೆ” ಅಂದ.

ಅವಳ ತುಟಿ ಅರಳಿತು. ರಿಜಿಸ್ಟ್ರಿ ಅಂದರೆ ಏನು ಅಂತ ಆಗ ಇವನು ಹಾಗೇ ಹೇಳಿಕೊಟ್ಟಿದ್ದ. ಅದು ಮನೆಯ ಅಜ್ಜಿ ಇದ್ದ ಹಾಗೆ. ಯಾವ ಡಬ್ಬದಲ್ಲಿ ಏನಿದೆ, ಬೀಗದ ಕೈ ಎಲ್ಲಿದೆ, ಯಾರಿಗೆ ಯಾವ ಹೆಸರು, ಎಲ್ಲ ಅವಳ ತಲೆಯಲ್ಲಿ. ಸಾಮಾನು ಎಲ್ಲ ಮನೆಯಲ್ಲೇ ಇರುತ್ತದೆ. ಆದರೆ ಅಜ್ಜಿಗೆ ಮರೆವು ಬಂದರೆ ಬೇಳೆ ಕೇಳಿದವರಿಗೆ ಹುಣಸೆಹಣ್ಣು ಸಿಗುತ್ತದೆ.

ಆಗ ಅಜ್ಜಿಗೆ ವಾರಕ್ಕೊಂದು ಸಲ ಮರೆವು ಬರುತ್ತಿತ್ತು. ಶ್ರೀನಿವಾಸಪುರದ ಅಂಗಡಿಯಲ್ಲಿ ಕೆಲಸಕ್ಕಿದ್ದ ಮುರಳಿ ವಾರಕ್ಕೊಂದು ಸಲ ಬರುತ್ತಿದ್ದ. ಬಂದರೆ ಮಧ್ಯಾಹ್ನದ ಮುದ್ದೆ, ಸಂಜೆಯ ಕಾಫಿ.

“ನಿಜ ಹೇಳಿ, ಇದು ತಾನಾಗೇ ಕೆಡ್ತಾ ಇದೆಯಾ, ಹೋಗುವಾಗ ನೀವೇ ಕೆಡಿಸಿ ಹೋಗ್ತೀರಾ?” ಅಂತ ಅವಳು ಒಂದು ದಿನ ಕೇಳಿದ್ದಳು.

“ಛೇ, ನಾನ್ಯಾಕ್ರೀ ಕೆಡಿಸ್ಲಿ?”

“ಮತ್ತೆ ಕಿವಿ ಯಾಕೆ ಕೆಂಪಗಾಯ್ತು?”

ಅವನು ಮೌಸನ್ನು ಮೇಜಿನ ಮೇಲೆ ಸುಮ್ಮಸುಮ್ಮನೆ ಉಜ್ಜಿದ. ಅಪ್ಪ ತೋಟದಲ್ಲಿದ್ದ, ಅಮ್ಮ ಹಿತ್ತಲಲ್ಲಿದ್ದಳು. ಮುನಿಲಕ್ಷ್ಮಿಗೆ ಎಲ್ಲಿಂದ ಧೈರ್ಯ ಬಂತೋ. ಎದೆಯ ಮಾತು ಅವಳಿಗೆ ಒಲೆಯ ಮುಂದಿನ ಭಾಷೆಯಲ್ಲೇ ಬಂದದ್ದು.

“ನೀವು ಬರೋದು ನನಗೋಸ್ಕರ. ಅವುನಾ, ಕಾದಾ?”

ಹೌದಾ, ಅಲ್ಲವಾ. ಅಷ್ಟೇ ಅವಳು ಕೇಳಿದ್ದು. ಮುರಳಿ ಕುರ್ಚಿ ಹಿಂದಕ್ಕೆ ಸರಿಸಿದ. “ನಾಳೆ ಬರ್ತೀನಿ. ಬಾಯಲ್ಲಿ ಹೇಳೋಕೆ ನನ್ನ ಕೈಲಾಗಲ್ಲ. ಕಂಪ್ಯೂಟರೇ ಹೇಳುತ್ತೆ” ಅಂದು ಎದ್ದು ಹೋದ. ಮೂತಿ ಬೀದಿಯ ಕಡೆಗಿದ್ದ ಚಪ್ಪಲಿ ಮೆಟ್ಟಿದವನು ತಿರುಗಿಯೂ ನೋಡಲಿಲ್ಲ.

ಮಾರನೆಯ ದಿನ ಅವಳು ಪ್ರೆಸ್ಸಿಗೆ ಹೋಗಿ ಬರುವಷ್ಟರಲ್ಲಿ ಅವನು ಬಂದು ಹೋಗಿದ್ದ. ಮಾಲೂರಿನಲ್ಲಿ ಅವನ ತಂದೆಗೆ ಲಕ್ವ ಹೊಡೆದಿದೆಯಂತೆ, ಅವಸರದಲ್ಲಿ ಊರಿಗೆ ಹೊರಟನಂತೆ ಅಂತ ಅಪ್ಪ ಹೇಳಿದ. ಕೈಕಾಲು ತೊಳೆಯದೆಯೇ ಅವಳು ಸ್ವಿಚ್ಚು ಹಾಕಿದಳು. ಕಂಪ್ಯೂಟರ್ ಎಂದಿನಂತೆ ಬಾಗಿಲು ತೆಗೆಯಲಿಲ್ಲ. ಅದಕ್ಕೆ ಮೊದಲೇ ಪರದೆಯ ನಡುವೆ ಬೂದು ಬಣ್ಣದ ಒಂದು ಬಾಕ್ಸು ಬಂದು ನಿಂತಿತು. ಅದರೊಳಗೆ ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಮಾತು.

kaadu

ಕೆಳಗೆ ಓಕೆ ಅನ್ನುವ ಒಂದೇ ಬಟನ್ನು.

ಕಾದು. ಅಲ್ಲ. ನಿಮಗೋಸ್ಕರ ಅಲ್ಲ.

ಒಂದೇ ಬಟನ್ನಿದ್ದರೆ ಮನುಷ್ಯರು ಏನು ಮಾಡಿಯಾರು? ಅವಳು ಓಕೆ ಒತ್ತಿದಳು. ಆವತ್ತಿನಿಂದ ದಿನಾ ಒತ್ತಿದಳು. ಆ ಬಾಕ್ಸು ಪ್ರತಿ ಬೆಳಿಗ್ಗೆ ಬರುತ್ತಿತ್ತು, ಅವಳು ಪ್ರತಿ ಬೆಳಿಗ್ಗೆ ಆಗಲಿ ಅನ್ನುತ್ತಿದ್ದಳು, ಆಮೇಲೆ ಕೂತು ಊರವರ ಮದುವೆಯ ಅಕ್ಷರ ಜೋಡಿಸುತ್ತಿದ್ದಳು. ತೆಗೆಸುತ್ತೇನೆ ಅಂದಿದ್ದರೆ ಅಂಗಡಿಯವರು ತೆಗೆದುಕೊಡುತ್ತಿದ್ದರು. ಅವಳು ತೆಗೆಸಲಿಲ್ಲ.

ಸುಗಟೂರಿನಿಂದ ಬಂದು ಇಲ್ಲಿ ಮಾವಿನ ತೋಟ ಗುತ್ತಿಗೆ ಹಿಡಿದಿದ್ದ ಗಂಗುಲಪ್ಪನಿಗೆ ತೆಲುಗು ಬಾರದು. ಆದರೆ ಕಂಡ ಕಂಡ ಇಂಗ್ಲಿಷ್ ಅಕ್ಷರವನ್ನು ಕೂಡಿಸಿ ಓದುವ ಚಟ. ಮಗಳ ಲಗ್ನಪತ್ರಿಕೆ ಬರೆಸಲು ಬಂದವನು ಪರದೆಗೆ ಮೂಗು ತಾಗಿಸಿ, “ಕಾ... ಡು. ಕಾಡು! ಇದ್ಯಾಕಮ್ಮ ಮುನಿಲಕ್ಷ್ಮಿ, ಕಾಡು ಅಂತ ಹಾಕಿದ್ದೀಯ?” ಅಂದಿದ್ದ.

“ಅದು ನನ್ನ ಕಾಡ್ತಾನೇ ಇದೆ ಗಂಗುಲಪ್ಪಣ್ಣ” ಅಂದು ಅವಳು ನಕ್ಕಿದ್ದಳು. ಅವನ ಮಗಳ ಪತ್ರಿಕೆ ಅರ್ಧ ಆಗಿದ್ದಾಗಲೇ ಈ ಸಲ ಕಂಪ್ಯೂಟರ್ ಸುಮ್ಮನಾದದ್ದು.

ಮುರಳಿ ಚೀಲದಿಂದ ಒಂದು ಸೀಡಿ ತೆಗೆದು ಹಾಕಿದ. ಪರದೆಯ ಮೇಲೆ ಬಿಳಿ ಸಾಲುಗಳು ಓಡಿದವು.

“ಅಜ್ಜಿ ನೆನಪಿಂದು ಒಂದು ನಕಲು ಒಳಗಡೆ ಇರುತ್ತೆ. ಕಂಪ್ಯೂಟರ್ ಮನೆಗೆ ಬಂದ ದಿನದ್ದು. ಅದನ್ನ ಹಾಕ್ಬಿಟ್ರೆ ಕಾಫಿ ಕುಡಿಯೋದ್ರೊಳಗೆ ಎದ್ದು ಕೂತ್ಕೊಳುತ್ತೆ. ನಿಮ್ಮ ಕನ್ನಡ ಟೈಪಿಂಗ್ ಮರ್ತುಬಿಡುತ್ತೆ, ಆದ್ರೆ ಅದರ ಸೀಡಿ ನನ್ನ ಹತ್ರ ಇದೆ, ಮತ್ತೆ ಹಾಕ್ಕೊಡ್ತೀನಿ. ನಿಮ್ಮ ಕಾರ್ಡುಗಳು ಎಲ್ಲೂ ಹೋಗಲ್ಲ.”

“ಬಂದ ದಿನದ್ದು ಅಂದ್ರೆ... ಆಮೇಲೆ ಮಾಡಿದ್ದು ಯಾವುದೂ ಇರಲ್ವಾ?”

“ಇರಲ್ಲ. ಹೊಸದರ ಥರ ಆಗುತ್ತೆ.”

ಮುನಿಲಕ್ಷ್ಮಿ ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ಸೊಂಟದಿಂದ ಸೆರಗು ಬಿಚ್ಚಿಕೊಂಡಿದ್ದು ಅವಳಿಗೆ ತಿಳಿಯಲಿಲ್ಲ.

“ಬೇರೆ ದಾರಿ ಇಲ್ವಾ?”

“ಇದೆ. ಆಮೇಲಾಮೇಲೆ ಅದೇ ಮಾಡಿಟ್ಕೊಂಡಿರೋ ನಕಲುಗಳಿರ್ತವೆ. ಒಂದೊಂದೇ ತೆಗ್ದು ನೋಡ್ಬೇಕು. ಎಷ್ಟು ಹೊತ್ತಾಗುತ್ತೋ ಗೊತ್ತಿಲ್ಲ. ಎಲ್ಲಾ ಕೆಟ್ಟಿದ್ರೂ ಕೆಟ್ಟಿರಬಹುದು. ಯಾಕ್ರೀ ಅಷ್ಟು ಕಷ್ಟ? ಏನು ಉಳೀಬೇಕು ಹೇಳಿ, ನಾನು ಬೇರೆ ಕಡೆ ತೆಗೆದಿಟ್ಕೊಡ್ತೀನಿ.”

ಇಷ್ಟು ವರ್ಷ ಯಾರಿಗೂ ಹೇಳದ ಮಾತು. ಹೇಳದಿದ್ದರೆ ಇನ್ನು ಕಾಫಿ ಕುಡಿಯುವುದರೊಳಗೆ ಅಳಿಸಿಹೋಗುತ್ತದೆ. ಹೇಳಿದರೆ, ಬೇಡ ಅಂದವನ ಮುಂದೆಯೇ ಬಾಯಿಬಿಟ್ಟ ಹಾಗಾಗುತ್ತದೆ. ಅವಳು ಟವೆಲ್ಲನ್ನು ಎತ್ತಿಕೊಂಡು ಬಿಡಿಸಿ ಮತ್ತೆ ಮಡಚಿದಳು.

“ಶುರುವಿನಲ್ಲಿ ಒಂದು ಬಾಕ್ಸು ಬರುತ್ತೆ” ಅಂದಳು ಮೆಲ್ಲಗೆ. “ಅದು ಇರಬೇಕು.”

ಕೀಬೋರ್ಡಿನ ಮೇಲಿದ್ದ ಬೆರಳು ನಿಂತಿತು. ಅವನು ತಿರುಗಲಿಲ್ಲ. ಅವನ ಕಿವಿ, ನರೆತ ಕೂದಲಿನ ಕೆಳಗೆ, ಕೆಂಪಗಾಗಿದ್ದು ಅವಳಿಗೆ ಕಂಡಿತು.

“ಆಯ್ತು” ಅಂದ. “ಒಂದೊಂದೇ ನೋಡೋಣ.”

ಒಂದು ನಕಲು ಹಾಕಿದ. ಕಪ್ಪು ಪರದೆಯೇ ಬಂತು. ಇನ್ನೊಂದು ಹಾಕಿದ, ಅರ್ಧಕ್ಕೆ ಬಂದು ನಿಂತಿತು. ಬೀದಿಯಲ್ಲಿ ಮಾವಿನಕಾಯಿ ತುಂಬಿದ ಟ್ರ್ಯಾಕ್ಟರ್ ಹೋಯಿತು, ಸೊನೆಯ ವಾಸನೆ ಕಿಟಕಿಯಲ್ಲಿ ಸುಳಿಯಿತು. ಅವಳು ಕಾಫಿ ತಂದಿಟ್ಟಳು. ಅದು ಕೆನೆಗಟ್ಟಿತು. ಈ ನಡುವೆ ಇಬ್ಬರೂ ಆಡಿದ ಮಾತು ಕಡಿಮೆ.

“ಇದಕ್ಕೆ ಹೊಸ ಫ್ಯಾನ್ ಯಾರು ಹಾಕಿದ್ದು?”

“ಶ್ರೀನಿವಾಸಪುರದವ್ರು.”

“ಸರಿಯಾಗಿ ಹಾಕಿಲ್ಲ.”

“ಸರಿಯಾಗಿ ಹಾಕೋರು ಬರಲಿಲ್ಲ.”

ಅವನು ತಲೆ ತಗ್ಗಿಸಿ ಇನ್ನೊಂದು ನಕಲು ಹಾಕಿದ. ಕಂಪ್ಯೂಟರ್ ಮುದುಕರು ಎದ್ದೇಳುವಂತೆ ನರಳಿ, ತಡೆದು, ಒಮ್ಮೆ ಬೆಳಗಿತು. ಪರದೆಯ ನಡುವೆ ಬೂದು ಬಣ್ಣದ ಬಾಕ್ಸು ಬಂದು ನಿಂತಿತು.

kaadu

ಇಬ್ಬರೂ ನೋಡಿದರು. ಯಾರೂ ಮೌಸಿಗೆ ಕೈ ಹಾಕಲಿಲ್ಲ.

“ಒಂದು ಕೇಳ್ಲಾ?” ಅಂದ ಅವನು. “ಇದನ್ನ ಯಾಕೆ ಇಟ್ಕೊಂಡಿದ್ದೀರ?”

“ನಿಮ್ಮ ಕೈಯಿಂದ ನನಗೆ ಬಂದಿದ್ದು ಅದೊಂದೇ. ಬೇಡ ಅಂದಿದ್ದಾದ್ರೂ ನಿಮ್ಮ ಮಾತೇ ಅಲ್ವಾ.”

“ಬೇಡ ಅಂದಿದ್ದು ಯಾರು?”

“ನೀವೇ. ಅವುನಾ ಕಾದಾ ಅಂತ ಕೇಳಿದೆ. ಕಾದು ಅಂತ ಬರೆದ್ರಿ. ಅಲ್ಲೇ ಇದೆಯಲ್ಲ, ಓದ್ಕೊಳ್ಳಿ.”

ಮುರಳಿ ಓದಿದ. ತುಟಿ ಅಲ್ಲಾಡಿಸಿ ಇನ್ನೊಮ್ಮೆ ಓದಿದ. ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡ.

“ಅಯ್ಯೋ ದೇವ್ರೇ” ಅಂದ. “ಇದು ತೆಲುಗಲ್ಲಾರೀ.”

“ಮತ್ತೆ?”

“ಕನ್ನಡ. ಕಾಯೋದು... ಕಾದು. ಆ ಬಾಕ್ಸಲ್ಲಿ ಕನ್ನಡ ಅಕ್ಷರ ಹಾಕಿದ್ರೆ ಬರೀ ಪ್ರಶ್ನೆ ಗುರುತು ಬರ್ತಿತ್ತು, ಅದಕ್ಕೇ ಇಂಗ್ಲಿಷಲ್ಲಿ ಹಾಕಿದ್ದು. ಅಪ್ಪಂಗೆ ಹಂಗಾಗಿತ್ತು, ಊರಿಗೆ ಹೋಗ್ಲೇಬೇಕಿತ್ತು. ಕಾದು ಇರಿ ಅಂತ ಬರೆಯೋಕೆ ಕೂತಿದ್ದೆ.”

ಕಿಟಕಿಯ ಬೆಳಕು ಅವಳ ಮುಖದ ಮೇಲಿತ್ತು. ಅವಳು ಅದನ್ನು ಮರೆಮಾಡಲಿಲ್ಲ.

“ಹಾಗಾದ್ರೆ ‘ಇರಿ’ ಎಲ್ಲಿ ಹೋಯ್ತು?”

“ಅಲ್ಲೇ ಸಿಕ್ಕಿಹಾಕ್ಕೊಂಡೆ.” ಅವನಿಗೆ ನಗು ಬಂತು. “ಇರಿ ಅನ್ನಲೋ, ಇರು ಅನ್ನಲೋ ಗೊತ್ತಾಗ್ಲಿಲ್ಲ. ಇರಿ ಅಂದ್ರೆ ಗಿರಾಕಿ ಜೊತೆ ಮಾತಾಡ್ದಂಗೆ. ಇರು ಅಂದ್ರೆ, ಇವ್ನಿಗೆಷ್ಟು ಸಲಿಗೆ ಅಂತ ನೀವು ಅಂದ್ಕೊಂಡ್ರೆ? ಯೋಚ್ನೆ ಮಾಡ್ತಾ ಕೂತೆ. ನಿಮ್ಮಪ್ಪ ಒಳಗೆ ಬಂದ್ರು. ಅವಸರದಲ್ಲಿ ಎಂಟರ್ ಒತ್ತಿ ಎದ್ದುಬಿಟ್ಟೆ. ಆದ್ರೂ ನಿಮಗೆ ತಿಳಿಯುತ್ತೆ ಅಂತ ಧೈರ್ಯ ಇತ್ತು. ನೀವು ಕೇಳಿದ್ದು ನನಗೆ ನಿಮ್ಮ ಕಣ್ಣಲ್ಲಿ ಅರ್ಥ ಆಗಿದ್ದು. ತೆಲುಗಲ್ಲಿ ಈ ಮಾತು ಏನಾಗುತ್ತೆ ಅಂತ ಹೊಳೀಲೇ ಇಲ್ಲ.”

“ಒದ್ದ ಹುಡ್ಗ” ಅಂದಳು ಮುನಿಲಕ್ಷ್ಮಿ. ಬೈಗುಳದ ಹಾಗಿರಲಿಲ್ಲ ಅದು.

“ಆ ವರ್ಷ ದೀಪಾವಳಿ ಕಳೆದ ಮೇಲೆ ಬಂದಿದ್ದೆ. ನೀವು ಆಚೆಗೇ ಬರ್ಲಿಲ್ಲ. ಕಾಫಿ ನಿಮ್ಮಮ್ಮನ ಕೈಲಿ ಕಳಿಸಿದ್ರಿ.”

“ಬೇಡ ಅಂದವ್ರ ಮುಂದೆ ಯಾವ ಮುಖ ಹೊತ್ಕೊಂಡು ಬರ್ಲಿ?”

“ಕಾಯೋಕೆ ಮನಸ್ಸಿಲ್ಲ ಅಂದ್ಕೊಂಡೆ. ಆಮೇಲೆ ನಿಮಗೆ ಗಂಡು ನಿಶ್ಚಯ ಆಯ್ತು ಅಂತ ಯಾರೋ ಹೇಳಿದ್ರು.”

“ಆಗಿತ್ತು. ನಾನೇ ಬಿಡಿಸಿದೆ. ಅಪ್ಪ ಒಂದು ವರ್ಷ ನನ್ನ ಜೊತೆ ಸರಿಯಾಗಿ ಮಾತಾಡ್ಲಿಲ್ಲ.”

“ಯಾಕೆ ಬಿಡಿಸಿದ್ರಿ?”

ಅವಳು ಪರದೆಯ ಕಡೆ ನೋಡಿದಳು. ಒಂದೇ ಮಾತು, ಒಂದೇ ಬಟನ್ನು.

“ಏನು ಹೇಳ್ಲಿ. ಯಾರೂ ಇರು ಅನ್ನಲಿಲ್ಲ. ಆದ್ರೂ ಇದ್ದೆ.”

ಮುರಳಿ ಮಡಿಲಿನ ಕನ್ನಡಕವನ್ನು ಎತ್ತಿ ಅಂಗಿಯ ತುದಿಯಲ್ಲಿ ಒರೆಸಿದ, ಒರೆಸುತ್ತಲೇ ಇದ್ದ.

“ನೀವು?” ಅಂತ ಕೇಳಿದಳು. ಉತ್ತರ ಕೇಳಲು ಭಯವಾಗಿ ಬೇಗ ಬೇಗ ಕೇಳಿದಳು.

“ತಂಗೀರ ಮದುವೆ ಮಾಡ್ದೆ. ನಂದು ಬಸ್‌ಸ್ಟ್ಯಾಂಡಲ್ಲಿ ನಿಂತೋನ ಕಥೆ. ಬಸ್ಸೇನೋ ಬಂದ್ವು. ಯಾವುದೂ ಈ ಊರಿಗೆ ಬರೋದಲ್ಲ ಅಂತ ಹತ್ತಲಿಲ್ಲ.”

ಹೊರಗೆ ಆವಲಮ್ಮ ಒರಳಲ್ಲಿ ರುಬ್ಬುವ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು. ಮುನಿಲಕ್ಷ್ಮಿ ಕುರ್ಚಿಯ ಬೆನ್ನಿಗೆ ಕೈಯಿಟ್ಟಳು. ಅವನ ಹೆಗಲಿಗೆ ಎರಡು ಬೆರಳಿನ ದೂರ.

“ಈಗ ಇನ್ನೊಂದು ಸಲ ಕೇಳ್ತೀನಿ. ಅವಸರದಲ್ಲಿ ಎಂಟರ್ ಒತ್ತಬೇಡಿ. ಅವುನಾ, ಕಾದಾ?”

ಅವನು ತಿರುಗಿ ಅವಳನ್ನು ನೋಡಿದ. ಬಂದಾಗಿನಿಂದ ನೇರವಾಗಿ ನೋಡಿದ್ದು ಇದೇ ಮೊದಲು. ಹುಬ್ಬಿನ ನಡುವೆ ಹಿಂದೆ ಇಲ್ಲದ ಒಂದು ಗೆರೆ ಬಂದಿತ್ತು. ಕಣ್ಣು ಮಾತ್ರ ಅದೇ, ಸಾರು ನೆತ್ತಿಗೇರಿದ ದಿನದ್ದು, ನೀರು ತುಂಬಿಕೊಂಡು ನಗುತ್ತಿದ್ದದ್ದು.

ಓಕೆ ಒತ್ತಿ ಒಳಗೆ ಹೋದ. ರಿಜಿಸ್ಟ್ರಿ ತೆರೆದು, ಹಳೆಯ ದಾರಿ ಹಿಡಿದು, ಗೂಡಿನೊಳಗೆ ಗೂಡು ದಾಟಿ ಆ ಮಾತಿನ ಹತ್ತಿರ ಬಂದ. ಒಂದೊಂದೇ ಅಕ್ಷರ ಅಳಿಸಿದ. ಅವಳು ತಡೆಯಲಿಲ್ಲ. ಬೇರೆ ಅಕ್ಷರ ಒತ್ತಿದ. ಕಂಪ್ಯೂಟರನ್ನು ಆರಿಸಿ ಮತ್ತೆ ಹೊತ್ತಿಸಿದ. ಅದು ಎದ್ದೇಳುವವರೆಗೂ ಅವಳ ಕೈ ಕುರ್ಚಿಯ ಮೇಲೇ ಇತ್ತು. ಎರಡು ಬೆರಳಿನ ದೂರ ಯಾವಾಗ ಹೋಯಿತೋ ಇಬ್ಬರೂ ಗಮನಿಸಲಿಲ್ಲ.

ಬೂದು ಬಾಕ್ಸು ಬಂತು.

avunu

“ಇದು ಯಾವ ಭಾಷೆ?” ಅಂದಳು.

“ನಿಮ್ಮ ಒಲೆ ಮುಂದಿನ ಭಾಷೆ. ಈ ಸಲ ಕೇಳಿದವರ ಭಾಷೇಲೇ ಹೇಳಿದ್ದೀನಿ.” ಅವನು ಎದ್ದ. “ಒಂದೇ ಬಟನ್ ಇದೆ. ನಿಮಗೆ ಬೇರೆ ದಾರಿ ಇಲ್ಲ.”

“ಇನ್ನೂ ‘ನಿಮಗೆ’ ಅಂತಾನೇನಾ?”

ಅವನು ಒಂದು ಗಳಿಗೆ ನಿಂತ. ಇರಿ ಅನ್ನಲೋ ಇರು ಅನ್ನಲೋ ಅಂತ ಅಷ್ಟು ವರ್ಷದ ಹಿಂದೆ ನಿಂತಿದ್ದ ಹಾಗೇ.

“ನಿನಗೆ” ಅಂದ.

ಅಷ್ಟರಲ್ಲಿ ಆವಲಮ್ಮ, “ಏನ್ ಬಾಬೂ, ಕೈ ಕಡುಕ್ಕೋ, ಮುದ್ದೆ ಆಯ್ತು!” ಅಂತ ಎರಡು ಭಾಷೆಯನ್ನೂ ಒಂದೇ ಪಾತ್ರೆಗೆ ಹಾಕಿ ಕೂಗಿದಳು. ಮುರಳಿ ಕೈ ತೊಳೆಯಲು ಹಿತ್ತಲಿಗೆ ಹೋದ. ಮುನಿಲಕ್ಷ್ಮಿ ಬಾಗಿಲಿಗೆ ಬಂದು, ಬೀದಿಯ ಆ ಕಡೆ ಈ ಕಡೆ ನೋಡಿ, ಕಾಲಿನಿಂದಲೇ ಅವನ ಚಪ್ಪಲಿಯನ್ನು ತಿರುಗಿಸಿದಳು. ಮೂತಿ ಮನೆಯ ಕಡೆಗೆ.

ಬಂದು ಪರದೆಯ ಮುಂದೆ ಕೂತಳು. ಓಕೆ ಒತ್ತುವ ಅವಸರ ಅವಳಿಗಿರಲಿಲ್ಲ.

“ಎದ್ದು ಕೂತ್ಕೊಂಡ್ತಾ ನಿನ್ನ ಕಂಪ್ಯೂಟ್ರು?” ಅನ್ನುತ್ತ ಗಂಗುಲಪ್ಪ ಒಳಗೆ ಬಂದ. ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಪರದೆಗೆ ಮೂಗು ತಾಗಿಸಿದ. “ಓ, ಕಾಡು ಹೋಯ್ತು! ಇದೇನೋ ಹೊಸದು. ಅ... ವ... ನು. ಅವನು!” ಅವನ ಹುಬ್ಬು ಮೇಲೆ ಹೋಯಿತು. “ಯಾರಮ್ಮ ಅವನು?”

ಹಿತ್ತಲ ಬಾಗಿಲಿನಾಚೆ ನಲ್ಲಿಯ ಕೆಳಗೆ ಮುರಳಿ ಮುಖ ತೊಳೆಯುತ್ತಿದ್ದ. ಒರೆಸಿಕೊಳ್ಳಲು ಏನೂ ಸಿಗದೆ, ಟವೆಲ್ ಎಲ್ಲಿ ಅಂತ ಕಣ್ಣು ಮುಚ್ಚಿಕೊಂಡೇ ಗಾಳಿಯಲ್ಲಿ ಕೈ ಚಾಚಿದ್ದ. ಅಪ್ಪಾಜಪ್ಪನ ಟವೆಲ್ ಮುನಿಲಕ್ಷ್ಮಿಯ ಮಡಿಲಲ್ಲಿತ್ತು.

ಅವಳು ಅದನ್ನು ಹಿಡಿದು ಎದ್ದಳು.

“ಅವ್ನೇ ಕಣಣ್ಣಾ” ಅಂದು, ಓಕೆ ಒತ್ತಿ, ಹಿತ್ತಲಿಗೆ ನಡೆದಳು.